ಹೃದಯ ಶಸ್ತ್ರಚಿಕಿತ್ಸೆಯ ಕಲಿಕೆ ಮತ್ತು ಊರಿನ ಅರಿವು: ಭಾರತೀನಗರವನ್ನು ಮುಂದಿಟ್ಟುಕೊಂಡು

ಮದ್ದೂರು–ಮಳವಳ್ಳಿ ರಸ್ತೆಯ ಭಾರತೀನಗರವನ್ನು ಸುತ್ತಲಿನವರು ಇಂದಿಗೂ ಕೆ.ಎಂ. ದೊಡ್ಡಿ ಎಂದೇ ಕರೆಯುತ್ತಾರೆ. ಚಾಮುಂಡೇಶ್ವರಿ ಸಕ್ಕರೆ ಕಾರ್ಖಾನೆಯೂ ಜಿ. ಮಾದೇಗೌಡರು ಕಟ್ಟಿದ ಭಾರತೀ ವಿದ್ಯಾಸಂಸ್ಥೆಯೂ ಈ ಊರಿನ ಗುರುತು. ಇಲ್ಲಿನ ಕಬ್ಬು ಬೆಳೆಗಾರರ ಮನೆಯ ವಿದ್ಯಾರ್ಥಿಯೊಬ್ಬ ಹೃದಯ ಮತ್ತು ಎದೆಯ ಶಸ್ತ್ರಚಿಕಿತ್ಸಕನಾಗಲು ಹೊರಟರೆ, ಅವನು ಊರಿನಿಂದ ಒಯ್ಯುವ ತಿಳಿವಳಿಕೆಗೆ ಆ ತರಬೇತಿಯಲ್ಲಿ ಎಡೆಯಿದೆಯೇ ಎಂಬುದು ಈ ಲೇಖನದ ಪ್ರಶ್ನೆ.

ದಾರಿ ದೀರ್ಘವಾದದ್ದು. ಎಂಬಿಬಿಎಸ್‌ಗೆ ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ, ಜನರಲ್ ಸರ್ಜರಿ ಎಂಎಸ್‌ಗೆ 3 ವರ್ಷ, ನೀಟ್ ಎಸ್‌ಎಸ್ ಪ್ರವೇಶ ಪರೀಕ್ಷೆ ದಾಟಿದ ಮೇಲೆ ಹೃದಯ ಶಸ್ತ್ರಚಿಕಿತ್ಸೆಯ ಎಂಸಿಎಚ್ ಪದವಿಗೆ ಮತ್ತೆ 3 ವರ್ಷ. ಮೊದಲ ಮೆಟ್ಟಿಲು ಈಗ ಹತ್ತಿರ ಬಂದಿದೆ: 1924ರ ಮೈಸೂರು ವೈದ್ಯಕೀಯ ಕಾಲೇಜಿನ ಜೊತೆಗೆ ಬೆಳ್ಳೂರಿನಲ್ಲಿ ಆದಿಚುಂಚನಗಿರಿ ಕಾಲೇಜು, 2006ರಿಂದ ಮಂಡ್ಯದಲ್ಲೇ ಸರ್ಕಾರಿ ವೈದ್ಯಕೀಯ ಕಾಲೇಜು. ಗ್ರಾಮೀಣ ಮತ್ತು ಕನ್ನಡ ಮಾಧ್ಯಮ ಮೀಸಲಾತಿಯೂ ಬೆನ್ನಿಗಿದೆ. ಎಂಸಿಎಚ್ ಹಂತಕ್ಕೆ ಮಾತ್ರ ಅಂಥ ನೆರವಿಲ್ಲ. ಆದರೂ ಆ ಕಲಿಕೆಗೆ ಈಗ ಹೊರದೇಶಕ್ಕೇ ಹೋಗಬೇಕೆಂದಿಲ್ಲ. ಕಿನ್ನಿಗೋಳಿಯ ಹೃದಯ ಶಸ್ತ್ರಚಿಕಿತ್ಸಕ ದೇವಿ ಶೆಟ್ಟಿಯವರು ಮಂಗಳೂರಿನಲ್ಲಿ ಓದಿ, ಹೃದಯ ಶಸ್ತ್ರಚಿಕಿತ್ಸೆಯ ತರಬೇತಿಗೆ ಲಂಡನ್ನಿನ ಗೈಸ್ ಆಸ್ಪತ್ರೆಗೆ ಹೋದರು. ಇಂದು ಬೆಂಗಳೂರಿನ ಜಯದೇವ ಸಂಸ್ಥೆಯಲ್ಲೇ ಆ ವಿದ್ಯೆ ದೊರೆಯುತ್ತದೆ.

ತರಬೇತಿಯಲ್ಲಿರುವ ರೆಸಿಡೆಂಟ್ ವೈದ್ಯನ ಕೈ ಪಳಗುವುದು ಹಂತಹಂತವಾಗಿ. ಬೈಪಾಸ್‌ಗೆ ಬೇಕಾದ ರಕ್ತನಾಳವನ್ನು ರೋಗಿಯ ಕಾಲಿನಿಂದ ಬಿಡಿಸಿ ತೆಗೆಯುವುದು, ಎದೆಮೂಳೆ ಸೀಳಿ ಮತ್ತೆ ತಂತಿಯಿಂದ ಬಿಗಿಯುವುದು, ಆಮೇಲೆ ಹೃದಯ-ಶ್ವಾಸಕೋಶ ಯಂತ್ರಕ್ಕೆ ನಳಿಕೆ ಜೋಡಿಸುವುದು. ರಾತ್ರಿಯೆಲ್ಲ ಐಸಿಯುವಿನಲ್ಲಿ ಎದೆಯ ಕೊಳವೆಯಿಂದ ಗಂಟೆಗೆ ಎಷ್ಟು ರಕ್ತ ಇಳಿಯಿತೆಂದು ನೋಡುತ್ತ ಕೂರುವುದೂ ಪಾಠವೇ. ಕ್ಷಯದಿಂದ ಕೀವು ತುಂಬಿ ಕುಗ್ಗಿದ ಶ್ವಾಸಕೋಶವನ್ನು ಬಿಡಿಸುವುದನ್ನೂ ಅವನು ಕಲಿಯಬೇಕು. ಇದೆಲ್ಲ ಲಾಗ್‌ಬುಕ್‌ನಲ್ಲಿ ದಾಖಲಾಗುತ್ತದೆ.

ದಾಖಲಾಗದೆ ಉಳಿಯುವುದು ರೋಗಿ ಮನೆ ಸೇರಿದ ಮೇಲಿನ ಕಥೆ. ಬಾಲ್ಯದ ಗಂಟಲು ಸೋಂಕಿನ ಬೆನ್ನಿಗೆ ಬರುವ ರುಮ್ಯಾಟಿಕ್ ಜ್ವರ ಹೃದಯದ ಕವಾಟವನ್ನು ಕೆಡಿಸುತ್ತದೆ. ಇದು ಹೆಚ್ಚಾಗಿ ಬಡವರ ಕಾಯಿಲೆ. ಕೃತಕ ಲೋಹದ ಕವಾಟ ಹಾಕಿಸಿಕೊಂಡವರು ರಕ್ತ ಹೆಪ್ಪುಗಟ್ಟದಂತೆ ಜೀವನಪೂರ್ತಿ ಮಾತ್ರೆ ನುಂಗಬೇಕು, ಆಗಾಗ ರಕ್ತ ಹೆಪ್ಪುಗಟ್ಟಲು ಹಿಡಿಯುವ ಹೊತ್ತನ್ನು ಅಳೆಯುವ ಐಎನ್‌ಆರ್ ಪರೀಕ್ಷೆ ಮಾಡಿಸಬೇಕು. ಮಾತ್ರೆ ಕಡಿಮೆಯಾದರೆ ಕವಾಟ ಕಟ್ಟಿಕೊಳ್ಳುತ್ತದೆ, ಹೆಚ್ಚಾದರೆ ರಕ್ತಸ್ರಾವ. ಸೊಪ್ಪಿನಲ್ಲಿರುವ ಕೆ ಜೀವಸತ್ವ ಈ ಮಾತ್ರೆಯ ಬಲವನ್ನು ತಗ್ಗಿಸುತ್ತದೆ. ಮುದ್ದೆ, ಸೊಪ್ಪಿನ ಸಾರು, ಬಸ್ಸಾರು ಉಣ್ಣುವ ಸೀಮೆಯಲ್ಲಿ ‘ಸೊಪ್ಪು ಬಿಡಿ’ ಎಂಬ ಸಲಹೆ ನಡೆಯುವುದಿಲ್ಲ, ಅದು ಸರಿಯೂ ಅಲ್ಲ. ದಿನವೂ ಸುಮಾರು ಒಂದೇ ಪ್ರಮಾಣದಲ್ಲಿ ತಿನ್ನಿ, ಮಾತ್ರೆಯನ್ನು ಅದಕ್ಕೆ ಹೊಂದಿಸೋಣ ಎನ್ನಬೇಕು. ಕಬ್ಬು ಕಡಿಯುವ ಹೊತ್ತಿನಲ್ಲಿ ಕೂಲಿ ಬಿಟ್ಟು ಪರೀಕ್ಷೆಗೆ ಹೋಗುವುದು ಎಷ್ಟು ಕಷ್ಟವೆಂದು ಊರಿನ ಹುಡುಗನಿಗೆ ಹೇಳಿಕೊಡಬೇಕಿಲ್ಲ. ಇದೇ ಮಾತ್ರೆ ಗರ್ಭದಲ್ಲಿರುವ ಶಿಶುವಿಗೆ ಹಾನಿ ಮಾಡಬಲ್ಲದು. ಹಾಗಾಗಿ ಮದುವೆಯ ವಯಸ್ಸಿನ ಹೆಣ್ಣುಮಗಳಿಗೆ ಯಾವ ಕವಾಟ ಎಂಬುದನ್ನು ಶಸ್ತ್ರಚಿಕಿತ್ಸೆಗೆ ಮೊದಲೇ ಅವಳ ಜೊತೆ, ಅವಳ ಮಾತಿನಲ್ಲೇ ಚರ್ಚಿಸಬೇಕು.

ಶಸ್ತ್ರಚಿಕಿತ್ಸೆಗೆ ಹಣದ ಅಡ್ಡಿಯನ್ನು ಸಹಕಾರ ಸಂಘಗಳ ಸದಸ್ಯರಿಗಾಗಿ 2003ರಲ್ಲಿ ಜಾರಿಯಾದ ಯಶಸ್ವಿನಿ ಆರೋಗ್ಯ ಯೋಜನೆ ಬಹುಮಟ್ಟಿಗೆ ತಗ್ಗಿಸಿತು. 2018ರಲ್ಲಿ ನಿಂತು 2022ರಲ್ಲಿ ಅದು ಮರಳಿತು. ಆದರೆ ಯೋಜನೆಯೊಂದು ಶಸ್ತ್ರಚಿಕಿತ್ಸೆಯ ವೆಚ್ಚ ಭರಿಸಿದ ಮಾತ್ರಕ್ಕೆ ಕವಾಟ ಉಳಿಯುವುದಿಲ್ಲ, ಮರುತಪಾಸಣೆಯೂ ತಪ್ಪದೆ ನಡೆಯಬೇಕು.

ರಾಷ್ಟ್ರೀಯ ವೈದ್ಯಕೀಯ ಆಯೋಗ ಎಂಡಿ, ಎಂಎಸ್ ವಿದ್ಯಾರ್ಥಿಗಳಿಗೆ ಜಿಲ್ಲಾ ಆಸ್ಪತ್ರೆಯಲ್ಲಿ 3 ತಿಂಗಳ ಸೇವೆಯನ್ನು ಕಡ್ಡಾಯ ಮಾಡಿದೆ. ಹೃದಯ ಶಸ್ತ್ರಚಿಕಿತ್ಸೆಯ ಎಂಸಿಎಚ್ ವಿದ್ಯಾರ್ಥಿಗಳಿಗೂ ಮಂಡ್ಯದಂಥ ಜಿಲ್ಲಾ ಆಸ್ಪತ್ರೆಯಲ್ಲಿ, ಮದ್ದೂರು, ಮಳವಳ್ಳಿಯ ತಾಲ್ಲೂಕು ಆಸ್ಪತ್ರೆಗಳಲ್ಲಿ ಕವಾಟದ ರೋಗಿಗಳ ಮರುತಪಾಸಣೆಯ ಹೊಣೆ ಕೊಡಬೇಕು, ಅದನ್ನು ಲಾಗ್‌ಬುಕ್‌ನಲ್ಲಿ ಎಣಿಸಬೇಕು. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಇದನ್ನು ಪಠ್ಯಕ್ರಮಕ್ಕೆ ಸೇರಿಸಲಿ ಎಂಬುದು ನಮ್ಮ ಕೋರಿಕೆ.