ದಖ್ಖನ್ ಬಸಾಲ್ಟ್ ಮತ್ತು ಭಾರತ ಫಲಕದ ವೇಗ: ಭೂಫಲಕ ಸಿದ್ಧಾಂತಕ್ಕೊಂದು ಪರೀಕ್ಷೆ

1912ರಲ್ಲಿ ಆಲ್ಫ್ರೆಡ್ ವೆಗೆನರ್ ಖಂಡಗಳ ಚಲನೆಯನ್ನು ಪ್ರತಿಪಾದಿಸಿದಾಗ ಅವನ ಮುಖ್ಯ ಆಧಾರಗಳು ಕರಾವಳಿಗಳ ಹೊಂದಾಣಿಕೆ ಮತ್ತು ಪಳೆಯುಳಿಕೆಗಳ ಸಾಮ್ಯ. ಖಂಡಗಳು ಹಿಂದೆ ಕೂಡಿಕೊಂಡಿದ್ದವೆಂದು ಇವು ಸೂಚಿಸುತ್ತವೆ. ಯಾವ ವೇಗದಲ್ಲಿ ಸರಿದವೆಂದು ತಿಳಿಸುವುದಿಲ್ಲ. ಭಾರತ ಫಲಕದ ವೇಗವನ್ನು ಮೂರು ಸ್ವತಂತ್ರ ವಿಧಾನಗಳಿಂದ ಕಂಡುಕೊಂಡು, ಅವು ಪರಸ್ಪರ ತಾಳೆಯಾಗುತ್ತವೆಯೇ ಎಂದು ನೋಡುವುದು ಈ ಲೇಖನದ ಉದ್ದೇಶ.

ಮೊದಲನೆಯದು ಪುರಾಕಾಂತತೆ. ಮಹಾಬಳೇಶ್ವರದಿಂದ ನಮ್ಮ ಬೆಳಗಾವಿ, ಕಲಬುರಗಿ, ಬೀದರ್‌ವರೆಗೂ ಹರಡಿರುವ ದಖ್ಖನ್ ಬಸಾಲ್ಟ್ ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ. ಲಾವಾ ತಣಿಯುವಾಗ ಅದರೊಳಗಿನ ಕಾಂತೀಯ ಖನಿಜಗಳು ಆ ಸ್ಥಳದ ಭೂಕಾಂತ ಕ್ಷೇತ್ರದ ದಿಕ್ಕನ್ನೂ ಬಾಗನ್ನೂ ಹಿಡಿದಿಟ್ಟುಕೊಳ್ಳುತ್ತವೆ. ಬಾಗಿನ ಟ್ಯಾಂಜೆಂಟ್ ಅಕ್ಷಾಂಶದ ಟ್ಯಾಂಜೆಂಟಿನ ಎರಡರಷ್ಟು. ಕ್ಲೆಗ್, ಡಾಯ್ಚ್ ಮತ್ತು ಗ್ರಿಫಿತ್ಸ್ 1956ರಲ್ಲಿ ಆರಂಭಿಕ ಅಳತೆಗಳನ್ನು ಪ್ರಕಟಿಸಿದರು. ಈ ಶಿಲೆಗಳ ಬಾಗನ್ನು ಸ್ಥೂಲವಾಗಿ 48 ಡಿಗ್ರಿ ಎಂದಿಟ್ಟುಕೊಂಡರೆ ಅಕ್ಷಾಂಶ 29 ಡಿಗ್ರಿ ಬರುತ್ತದೆ. ಕಾಂತತ್ವದ ದಿಕ್ಕನ್ನೂ ಸೇರಿಸಿ ನೋಡಿದರೆ ಅದು ದಕ್ಷಿಣಾರ್ಧಗೋಳದ್ದು. ಮಹಾಬಳೇಶ್ವರ ಇಂದು 18 ಡಿಗ್ರಿ ಉತ್ತರದಲ್ಲಿದೆ. 47 ಡಿಗ್ರಿ ಎಂದರೆ ಸುಮಾರು 5,200 ಕಿ.ಮೀ.; ಸರಾಸರಿ ವೇಗ ವರ್ಷಕ್ಕೆ 8 ಸೆಂ.ಮೀ.

ಸರಿದದ್ದು ಭೂಮಿಯ ಧ್ರುವವೇ ಏಕಾಗಿರಬಾರದು? ಹಾಗಾಗಿದ್ದರೆ ಎಲ್ಲ ಖಂಡಗಳ ಶಿಲೆಗಳೂ ಧ್ರುವಕ್ಕೆ ಒಂದೇ ಹಾದಿಯನ್ನು ತೋರಿಸಬೇಕಿತ್ತು. ಯುರೋಪ್, ಉತ್ತರ ಅಮೆರಿಕ, ಭಾರತಗಳ ಶಿಲೆಗಳು ಬೇರೆಬೇರೆ ಹಾದಿಗಳನ್ನು ತೋರಿಸುತ್ತವೆ. ಆದ್ದರಿಂದ ಖಂಡಗಳೇ ಸರಿದಿವೆ.

ಎರಡನೆಯದು ಉಪಗ್ರಹ ಮಾಪನ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಜಿಪಿಎಸ್ ಕೇಂದ್ರ ವರ್ಷಕ್ಕೆ ಸುಮಾರು 5 ಸೆಂ.ಮೀ.ಯಂತೆ ಈಶಾನ್ಯಕ್ಕೆ ಸರಿಯುತ್ತಿದೆ. ಇದು ಮೇಲಿನ ಸರಾಸರಿಗಿಂತ ಕಡಿಮೆ. ಎರಡೂ ನಿಜವಾಗಿದ್ದರೆ ಫಲಕ ಹಿಂದೊಮ್ಮೆ ಬಹಳ ವೇಗವಾಗಿ ಚಲಿಸಿರಲೇಬೇಕು.

ಇದನ್ನು ಪರೀಕ್ಷಿಸುವುದು ಮೂರನೆಯ ಸಾಕ್ಷ್ಯವಾದ ಸಾಗರತಳ. ವೈನ್ ಮತ್ತು ಮ್ಯಾಥ್ಯೂಸ್ 1963ರಲ್ಲಿ ವಾಯವ್ಯ ಹಿಂದೂ ಮಹಾಸಾಗರದ ಕಾರ್ಲ್ಸ್‌ಬರ್ಗ್ ಏಣಿನ ಸಮೀಕ್ಷೆಯನ್ನು ಆಧರಿಸಿ, ಏಣಿನ ಇಕ್ಕೆಲದ ಕಾಂತಪಟ್ಟಿಗಳು ಹೊಸ ಸಾಗರತಳ ಹುಟ್ಟಿದ ದಾಖಲೆಯೆಂದು ವಿವರಿಸಿದರು. ಪಟ್ಟಿಯ ಅಗಲವನ್ನು ಅದರ ಕಾಲಾವಧಿಯಿಂದ ಭಾಗಿಸಿದರೆ ವೇಗ ಸಿಗುತ್ತದೆ. ಮೆಕೆಂಜಿ ಮತ್ತು ಸ್ಕ್ಲೇಟರ್ 1971ರಲ್ಲಿ ಹಿಂದೂ ಮಹಾಸಾಗರದ ಪಟ್ಟಿಗಳನ್ನು ಓದಿ ತೋರಿಸಿದ್ದೂ ಇದನ್ನೇ: ಒಂದು ಕಾಲಕ್ಕೆ ವರ್ಷಕ್ಕೆ 15 ಸೆಂ.ಮೀ.ಗೂ ಹೆಚ್ಚಿದ್ದ ವೇಗ, ಸುಮಾರು 5 ಕೋಟಿ ವರ್ಷಗಳ ಹಿಂದೆ ಅರ್ಧಕ್ಕಿಂತ ಕೆಳಗಿಳಿಯಿತು. ಭಾರತ ಏಷ್ಯಾಕ್ಕೆ ಡಿಕ್ಕಿ ಹೊಡೆದು ಹಿಮಾಲಯ ಏಳತೊಡಗಿದ್ದು ಇದೇ ಸುಮಾರಿಗೆ.

ಫಲಕ ಅಷ್ಟು ವೇಗ ಪಡೆದದ್ದು ಹೇಗೆಂಬ ಚರ್ಚೆ ಇನ್ನೂ ನಡೆದಿದೆ. ಆದರೆ ಬಸಾಲ್ಟ್ ಮತ್ತು ಉಪಗ್ರಹ ಕೊಟ್ಟ ಅಂಕಿಗಳ ನಡುವಿನ ಅಂತರಕ್ಕೆ ಅವೆರಡನ್ನೂ ಅವಲಂಬಿಸದ ಸಾಗರತಳವೇ ಕಾರಣ ಒದಗಿಸುತ್ತದೆ. ಭೂಫಲಕ ಸಿದ್ಧಾಂತಕ್ಕೆ ಇದಕ್ಕಿಂತ ಗಟ್ಟಿಯಾದ ಸಮರ್ಥನೆ ಕಡಿಮೆ.