ಎಡತೊರೆಯಿಂದ ಕೃಷ್ಣರಾಜನಗರಕ್ಕೆ: ಮನೆಗಳು ಮತ್ತು ಮೊದಲ ಒಡೆಯರು

ಚಿಕ್ಕಹನಸೋಗೆಯ ಆದಿನಾಥ ಬಸದಿಯ ಶಾಸನಗಳನ್ನು ಬಲ್ಲವರಿಗೆ ಒಂದು ಸಂಗತಿ ಗೋಚರಿಸದೆ ಇರದು. ಬಸದಿಯ ದಾನಿಗಳಾರು, ಚೆಂಗಾಳ್ವ ಅರಸರಾರು, ಆಚಾರ್ಯಪರಂಪರೆ ಯಾವುದು ಎಂಬುದು ಕಲ್ಲಿನ ಮೇಲಿದೆ. ಆದರೆ ಆ ಬಸದಿಗೆ ನಿತ್ಯವೂ ಬರುತ್ತಿದ್ದ ಶ್ರಾವಕ ಶ್ರಾವಿಕೆಯರು ಎಂತಹ ಮನೆಗಳಲ್ಲಿ ವಾಸಿಸುತ್ತಿದ್ದರೆಂಬುದನ್ನು ಕಲ್ಲು ಹೇಳುವುದಿಲ್ಲ. ಬಸದಿ ಕಲ್ಲಿನದು, ಮನೆ ಮಣ್ಣಿನದು. ಹಾಗಾಗಿ ನಮ್ಮ ಸೀಮೆಯ ಮನೆಗಳ ಚರಿತ್ರೆಯನ್ನು ಬರೆಯಹೊರಟವನಿಗೆ ಆಧಾರಗಳು ವಿರಳ. ಆದರೆ ಒಂದು ಊರಿನಲ್ಲಿ ಮಾತ್ರ ಮನೆಗಳು ಯಾವ ಕಾಲದಲ್ಲಿ, ಏತಕ್ಕಾಗಿ ಎದ್ದವು ಎಂಬುದನ್ನು ನಿಶ್ಚಯವಾಗಿ ಹೇಳಬಹುದು. ಅದು ಕೃಷ್ಣರಾಜನಗರ.

ಭೇರ್ಯ, ಸಾಲಿಗ್ರಾಮ, ಹನಸೋಗೆಗಳ ಜನರಿಗೆ ಹಿಂದೆ ತಾಲ್ಲೂಕು ಕಚೇರಿ ಇದ್ದದ್ದು ಎಡತೊರೆಯಲ್ಲಿ. ಕಾವೇರಿ ಎಡಕ್ಕೆ ಹೊರಳುವುದರಿಂದ ಆ ಹೆಸರು ಬಂದಿತೆನ್ನುತ್ತಾರೆ. ಅರ್ಕೇಶ್ವರ ದೇವಾಲಯದ ಸನ್ನಿಧಿಯಲ್ಲಿ, ಹೊಳೆಯ ದಂಡೆಯಲ್ಲಿಯೇ ಬೆಳೆದ ಊರು ಅದು. 1924ರ ಜುಲೈನಲ್ಲಿ ಕಾವೇರಿ ಕಂಡು ಕೇಳರಿಯದಂತೆ ಉಕ್ಕಿದಳು. ಆ ಪ್ರವಾಹದ ಅನಂತರ ಹೊಳೆಯಿಂದ ದೂರವಾದ ಎತ್ತರದ ನೆಲದಲ್ಲಿ ಹೊಸ ಊರು ರೂಪುಗೊಂಡಿತು. ಆಳುತ್ತಿದ್ದ ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರನ್ನು ಅದಕ್ಕಿಟ್ಟರು. ಕಾಲಕ್ರಮದಲ್ಲಿ ತಾಲ್ಲೂಕಿಗೂ ಆ ಹೆಸರೇ ಆಯಿತು.

ಹೊಸ ಊರಿನ ನೇರವಾದ ಅಗಲ ಬೀದಿಗಳನ್ನು ನೋಡಿದರೆ ಮೈಸೂರಿನ ಬಡಾವಣೆಗಳ ನೆನಪಾಗುವುದು ಸಹಜ. 1898ರ ಪ್ಲೇಗಿನ ಪೆಟ್ಟು ತಿಂದ ಮೈಸೂರು ನಗರದಲ್ಲಿ 1903ರಲ್ಲಿ ನಗರಾಭಿವೃದ್ಧಿ ವಿಶ್ವಸ್ಥ ಮಂಡಳಿ ಏರ್ಪಟ್ಟಿತು. ಗಾಳಿ ಬೆಳಕುಗಳಿಗೆ ಅವಕಾಶವಿಟ್ಟು, ಅಳತೆಯ ನಿವೇಶನ ಗುರುತಿಸಿ, ಆಮೇಲೆ ಮನೆ ಕಟ್ಟಿಸುವ ಕ್ರಮ ಅಲ್ಲಿಂದ ಸಂಸ್ಥಾನದಲ್ಲಿ ಬೇರೂರಿತು. ಹಳೆಯ ಊರುಗಳಲ್ಲಿ ಮೊದಲು ಮನೆ, ಉಳಿದ ಜಾಗವೇ ಬೀದಿ. ಹೊಸ ಊರಿನಲ್ಲಿ ಮೊದಲು ಬೀದಿ, ಅನಂತರ ಮನೆ.

ಇಲ್ಲಿ ಮನೆಗಳ ವಯಸ್ಸನ್ನು ನಿರ್ಣಯಿಸುವಾಗ ಎಚ್ಚರ ಬೇಕು. ನಮ್ಮ ಕಡೆ ಮನೆ ಬಿಚ್ಚಿದವರು ಮರವನ್ನು ಬಿಟ್ಟು ಬರುತ್ತಿರಲಿಲ್ಲ. ಕಂಬ, ತೊಲೆ, ಜಂತೆ, ತಲೆಬಾಗಿಲಿನ ಚೌಕಟ್ಟು ಗಾಡಿಯೇರಿ ಹೊಸ ಮನೆಗೆ ಸೇರುತ್ತಿದ್ದವು. ಕಂಬ ಅಜ್ಜನ ಕಾಲದ್ದಾದರೂ ಗೋಡೆ ಮೊಮ್ಮಗನ ಕಾಲದ್ದು. ಕಂಬವನ್ನು ತೋರಿಸಿ ಮನೆಗೇ ಇನ್ನೂರು ವರ್ಷ ಹೇಳುವ ಅಭ್ಯಾಸ ನಮ್ಮವರಲ್ಲಿ ಸಾಕಷ್ಟಿದೆ. ಸತ್ಯಾಣುವ್ರತದವರು ಇದನ್ನು ಹೆಮ್ಮೆಯ ಮಾತೆಂದು ಕ್ಷಮಿಸಬಾರದೆಂದು ನನ್ನ ಅಭಿಪ್ರಾಯ. ಹಂಚಿನ ವಿಷಯವೂ ಹೀಗೆಯೇ. ಮೈಸೂರು–ಅರಸೀಕೆರೆ ರೈಲುಮಾರ್ಗ 1918ರ ವೇಳೆಗೆ ಈ ದಾರಿಯಲ್ಲಿ ಹಾದಿದ್ದರಿಂದ ಸ್ಥಳೀಯ ಕುಂಬಾರರ ನಾಡಹಂಚಿನ ಜೊತೆಗೆ ದೂರದ ಕಾರ್ಖಾನೆಯ ಸಾಮಾನುಗಳನ್ನು ತರಿಸುವುದು ಸುಲಭವಾಗಿತ್ತು. ಬಾಸೆಲ್ ಮಿಷನ್ನಿನ ಮಂಗಳೂರು ಹಂಚಿನ ಮೇಲೆ 1865 ಎಂಬ ಅಂಕೆ ಕಂಡರೆ ಅದು ಕಾರ್ಖಾನೆ ಪ್ರಾರಂಭವಾದ ವರ್ಷವೇ ಹೊರತು ಹಂಚು ಸುಟ್ಟ ವರ್ಷವಲ್ಲ, ಮನೆ ಕಟ್ಟಿದ ವರ್ಷವಂತೂ ಅಲ್ಲವೇ ಅಲ್ಲ.

ಕಟ್ಟಡವನ್ನು ಸ್ಥಿರಾಸ್ತಿಯ ಸಾಲಿನಲ್ಲಿ ಬರೆಯಬೇಕೆಂದು ಬಿ.ಕಾಂ. ತರಗತಿಯಲ್ಲಿ ಕಲಿತವನು ನಾನು. ಎಡತೊರೆಯವರಿಗೆ ಅದೆಷ್ಟು ಸ್ಥಿರವೆಂಬುದು ಒಂದು ಮಳೆಗಾಲದಲ್ಲಿ ತಿಳಿಯಿತು. ತತ್ತ್ವಾರ್ಥಸೂತ್ರವು ಪರಿಗ್ರಹದ ಮಿತಿಯನ್ನು ಹೇಳುವಲ್ಲಿ ಕ್ಷೇತ್ರ, ವಾಸ್ತುಗಳನ್ನು, ಎಂದರೆ ನೆಲವನ್ನೂ ಮನೆಯನ್ನೂ, ಚಿನ್ನ ಬೆಳ್ಳಿಗಳಿಗಿಂತ ಮೊದಲು ಎಣಿಸಿರುವುದು ಅಕಾರಣವಲ್ಲ.

ಇನ್ನು ಒಡೆಯರ ವಿಚಾರ. ಆ ಕಾಲದ ಖಾತೆಯಲ್ಲಿ ಸಾಮಾನ್ಯವಾಗಿ ಇರುತ್ತಿದ್ದುದು ಮನೆಯ ಯಜಮಾನನ ಹೆಸರು. ಗೋಡೆಯೇರಿಸಲು ಹಣ ಸಾಲದಾದಾಗ ಒತ್ತೆ ಹೋಗುತ್ತಿದ್ದುದು ಹೆಂಡತಿಯ ಒಡವೆ. ಅದು ಖಾತೆಗೆ ಏರುತ್ತಿರಲಿಲ್ಲ. ಮೈಸೂರು ಸಂಸ್ಥಾನದಲ್ಲಿ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯಿದೆ ಬಂದದ್ದು 1933ರಲ್ಲಿ. ಅವಿಭಕ್ತ ಕುಟುಂಬದ ಆಸ್ತಿ ವಿಭಾಗವಾಗುವಾಗ ತಾಯಿ, ವಿಧವೆ, ಅವಿವಾಹಿತ ಪುತ್ರಿ ಮೊದಲಾದವರಿಗೆ ಪಾಲು ಕೊಡಬೇಕೆಂದು ಅದು ವಿಧಿಸಿತು. ಬ್ರಿಟಿಷ್ ಇಂಡಿಯಾದಲ್ಲಿ ಸ್ತ್ರೀಯರ ಆಸ್ತಿಹಕ್ಕಿನ ಕಾನೂನು ಬಂದದ್ದು 1937ರಲ್ಲಿ. ಸಂಸ್ಥಾನ ಈ ವಿಷಯದಲ್ಲಿ ಮುಂದಿತ್ತೆಂಬುದು ಅಭಿಮಾನದ ಸಂಗತಿಯೇ. ಆದರೆ ಪ್ರವಾಹದ ಬೆನ್ನಿಗೇ ನಿವೇಶನ ಪಡೆದವರ ಮೊದಲ ಖಾತೆಗಳು ಈ ಕಾಯಿದೆಗಿಂತ ಹಿಂದಿನವು. ಆದುದರಿಂದ ಆ ಖಾತೆಯನ್ನು ಮಾತ್ರ ನೋಡಿ ಇಂಥವರೇ ಮನೆ ಕಟ್ಟಿದವರೆಂದು ಬರೆಯುವುದು ಅರ್ಧ ಸತ್ಯ. ಮಣ್ಣು ತುಳಿದವರು, ಗಾರೆ ಅರೆದವರು, ಜಗಲಿಯಲ್ಲಿ ಅಂಗಡಿಯಿಟ್ಟು ಬಾಡಿಗೆ ಕೊಟ್ಟವರು ಯಾವ ಪುಸ್ತಕದಲ್ಲಿಯೂ ಇಲ್ಲ.

ಈ ಕೊರತೆಯನ್ನು ತುಂಬುವ ಕಾಗದಗಳು ನಮ್ಮ ಪೆಟ್ಟಿಗೆಗಳಲ್ಲಿಯೇ ಇವೆ. ಕ್ರಯಪತ್ರದ ಚೆಕ್ಕುಬಂದಿಯನ್ನು ಓದಿರಿ: ಪೂರ್ವಕ್ಕೆ ಇಂಥವರ ಮನೆ, ಪಶ್ಚಿಮಕ್ಕೆ ಇಂಥವರ ಹಿತ್ತಲು, ಉತ್ತರಕ್ಕೆ ಸರ್ಕಾರಿ ರಸ್ತೆ. ಒಂದು ಪತ್ರದಲ್ಲಿ ನೆರೆಯವರ ಹೆಸರು ಸಿಕ್ಕುತ್ತದೆ. ಒಂದೇ ಬೀದಿಯ ನಾಲ್ಕಾರು ಪತ್ರಗಳನ್ನು ಪಕ್ಕಪಕ್ಕ ಇಟ್ಟರೆ ಇಡೀ ಬೀದಿ ಕಣ್ಣೆದುರು ನಿಲ್ಲುತ್ತದೆ. ಸ್ತ್ರೀಯರು ಒಪ್ಪಿಗೆಯ ಹೆಬ್ಬೆಟ್ಟು ಒತ್ತಿದ ಪಾಲುಪತ್ರ, ಒಡವೆ ಒತ್ತೆಯಿಟ್ಟ ಚೀಟಿ, ಬಾಡಿಗೆಯ ಕಡತ ಇವುಗಳಿಗೂ ಅಷ್ಟೇ ಬೆಲೆಯುಂಟು. ಬಸದಿಗಳಿಗೆ ಬಿಟ್ಟುಕೊಟ್ಟ ಮನೆಗಳ ದಾನಪತ್ರಗಳು ಟ್ರಸ್ಟುಗಳ ಬೀರುವಿನಲ್ಲಿರುತ್ತವೆ. ಅಲ್ಲಿ ದಾನಿಯ ಹೆಸರಷ್ಟೇ ಅಲ್ಲ, ಬಾಡಿಗೆ ಹಣ ಯಾವ ಪೂಜೆಗೆ ಸಲ್ಲಬೇಕೆಂಬ ಷರತ್ತೂ ಇರಬಹುದು. ಈಗ ಪುರಸಭೆಗಳಲ್ಲಿ ಇ-ಖಾತೆ ಮಾಡಿಸುವ ಭರಾಟೆ. ಹೊಸ ಖಾತೆ ಕೈಗೆ ಬಂದೊಡನೆ ಹಳೆಯ ಕಾಗದ ರದ್ದಿಗೆ ಹೋಗುತ್ತದೆ, ಹಳೆಯ ಮನೆ ಕಾಂಕ್ರೀಟ್ ಕಟ್ಟಡಕ್ಕೆ ಜಾಗ ಬಿಡುತ್ತದೆ. ಮನೆ ಕೆಡವುವುದು ಒಡೆಯನ ಇಷ್ಟ, ಅದಕ್ಕೆ ಆಕ್ಷೇಪವಿಲ್ಲ. ಆದರೆ ದಾನದ ಷರತ್ತನ್ನು ಹೇಳುವ ಪತ್ರವೇ ಕಳೆದುಹೋದರೆ ದಾನಿಯ ಇಚ್ಛೆಯನ್ನು ನಡೆಸುವುದು ಟ್ರಸ್ಟಿಗೆ ಹೇಗೆ ಸಾಧ್ಯ? ಕೆಡವುವ ಮೊದಲು ಒಂದು ಛಾಯಾಚಿತ್ರ, ಪತ್ರಗಳ ಒಂದೊಂದು ಜೆರಾಕ್ಸ್ ಪ್ರತಿ, ಮನೆಯ ಹಿರಿಯ ಹೆಣ್ಣುಮಕ್ಕಳಿಂದ ಕೇಳಿ ಬರೆದುಕೊಂಡ ನಾಲ್ಕು ಪುಟ: ಇಷ್ಟಕ್ಕೆ ಹೆಚ್ಚಿನ ಖರ್ಚಿಲ್ಲ.

ತಾಲ್ಲೂಕಿನ ಹೆಸರು ಹೋದರೂ ಊರಿನ ಹೆಸರು ಅಳಿದಿಲ್ಲ. ಜನ ಇಂದಿಗೂ ಅದನ್ನು ಹಳೆ ಎಡತೊರೆ ಎನ್ನುತ್ತಾರೆ. ಅರ್ಕೇಶ್ವರ ದೇವಾಲಯ ಹೊಳೆಯ ದಂಡೆಯ ಮೇಲೆಯೇ ನಿಂತಿದೆ.