ಕೊಲಾಜನ್ ಪಟ್ಟೆಗಳ ಒಗಟು

ನಮ್ಮ ಚರ್ಮ, ಮೂಳೆ, ಸ್ನಾಯುರಜ್ಜುಗಳಿಗೆ ಬಲ ಕೊಡುವ ಪ್ರೋಟೀನು ಕೊಲಾಜನ್. 1942ರಲ್ಲಿ ಅಮೆರಿಕದ ಎಂಐಟಿಯ ಫ್ರಾನ್ಸಿಸ್ ಷ್ಮಿಟ್ ಮತ್ತು ಸಂಗಡಿಗರು ಅದರ ಎಳೆಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಕಂಡದ್ದು ನುಣುಪಾದ ದಾರವಲ್ಲ. ಉದ್ದಕ್ಕೂ ಅಡ್ಡಪಟ್ಟೆಗಳು, ಅಳತೆಪಟ್ಟಿಯ ಗೆರೆಗಳಂತೆ ಸಮದೂರದಲ್ಲಿ. ಒಂದು ಮಿಲಿಮೀಟರಿನಲ್ಲಿ ಸುಮಾರು 15,000 ಪಟ್ಟೆ!

1950ರ ದಶಕದಲ್ಲಿ ಇನ್ನೊಂದು ಸೋಜಿಗ ಕಾದಿತ್ತು. ದುರ್ಬಲ ಆಮ್ಲದಲ್ಲಿ ಎಳೆ ಕರಗಿ, ಪಟ್ಟೆ ಮಾಯವಾಗುತ್ತಿತ್ತು. ಆಮ್ಲ ತೆಗೆದರೆ ಯಾರೂ ಹೊಸೆಯದೆಯೇ ಎಳೆ ಮತ್ತೆ ಹುಟ್ಟುತ್ತಿತ್ತು, ಅದೇ ಪಟ್ಟೆಗಳೊಡನೆ. ಜೋಡಣೆಯ ಗುಟ್ಟು ಅಣುವಿನಲ್ಲೇ ಇದೆಯೆಂದಾಯಿತು.

ಆ ಅಣು ಮೂರೆಳೆಯ ಹುರಿ ಎಂದು 1954-55ರಲ್ಲಿ ಎಕ್ಸ್-ಕಿರಣಗಳ ನೆರವಿನಿಂದ ತೋರಿಸಿದವರು ಮದರಾಸಿನಲ್ಲಿದ್ದ ಜಿ.ಎನ್. ರಾಮಚಂದ್ರನ್ ಮತ್ತು ಗೋಪಿನಾಥ್ ಕರ್ತಾ. ಆದರೆ ಪಟ್ಟೆಯ ಲೆಕ್ಕ ಮಾತ್ರ ತಾಳೆಯಾಗುತ್ತಿರಲಿಲ್ಲ. ಅಣುವಿನ ಉದ್ದ ಸುಮಾರು 300 ನ್ಯಾನೋಮೀಟರ್, ಪಟ್ಟೆಯ ಅಂತರ ಈಗಿನ ಅಳತೆಯಂತೆ 67. ಭಾಗಿಸಿದರೆ ಹೆಚ್ಚುಕಡಿಮೆ ನಾಲ್ಕೂವರೆ. ಈ ಅರ್ಧ ಎಲ್ಲಿಯದು?

1963ರಲ್ಲಿ ಹಾಡ್ಜ್ ಮತ್ತು ಪೆಟ್ರುಸ್ಕಾ ಕೊಟ್ಟ ಉತ್ತರ ಸರಳ. ಮೇಸ್ತ್ರಿ ಸಂದಿಯ ಮೇಲೆ ಸಂದಿ ಬಾರದಂತೆ ಇಟ್ಟಿಗೆ ಜರುಗಿಸುವ ಹಾಗೆ, ಪ್ರತಿ ಅಣುವೂ ಪಕ್ಕದ್ದಕ್ಕಿಂತ ಒಂದು ಪಟ್ಟೆಯಷ್ಟು ಜರುಗಿ ಕೂರುತ್ತದೆ. ಒಂದರ ತುದಿಗೂ ಅದೇ ಸಾಲಿನ ಮುಂದಿನದರ ತಲೆಗೂ ನಡುವೆ ಖಾಲಿ ಜಾಗ ಉಳಿಯುತ್ತದೆ. ಮಾದರಿಗೆ ಹಾಕಿದ ಲೋಹದ ಬಣ್ಣ ಅಲ್ಲಿ ತುಂಬಿಕೊಂಡು ಕಪ್ಪಾಗಿ ಕಾಣುತ್ತದೆ, ಅದೇ ಪಟ್ಟೆ. ಮೂಳೆಯಲ್ಲಾದರೋ ಆ ಸಂದುಗಳಲ್ಲಿ ಸೇರಿಕೊಳ್ಳುವುದು ಕ್ಯಾಲ್ಸಿಯಂ ಲವಣದ ಹರಳು.